ಬಾಗಿಲ ಹಿಂದೆ ಬರೆದ ತೂಕ

ಅಂಗಡಿಯ ಮಹಡಿ ಕೋಣೆ,
ಸೋಮವಾರ, ತಾರೀಖು ಹನ್ನೊಂದು, ಬೆಳಿಗ್ಗೆ.

ಪ್ರೀತಿಯ ಅಕ್ಕಾ,

ಹದಿನಾಲ್ಕು ವರ್ಷ ತಡೆದದ್ದು ಇನ್ನು ಐದು ತಿಂಗಳು ತಡೆಯುವುದಿಲ್ಲವೇ ಎಂದೆಯಲ್ಲ, ಅಥವಾ ಅದೇ ಅರ್ಥ ಬರುವ ಬೇರೇನೋ ಎಂದೆ. ಅಷ್ಟರಲ್ಲಿ ನಿನ್ನ ಮನೆಯ ಬಾಗಿಲ ಗಂಟೆ ಹೊಡೆದು ನೀನು ಫೋನ್ ಇಟ್ಟುಬಿಟ್ಟೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ನಾಲಿಗೆ ಬಿಡದೆ ತಡಕುವ ಹಾಗೆ ಎಂಟು ದಿನದಿಂದ ನಾನು ಆ ಮಾತನ್ನು ತಡಕುತ್ತಿದ್ದೇನೆ. ಇರಲಿ. ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನಿನ್ನ ಮಂಡಿ ಹೇಗಿದೆ? ನೋವು ಮೆಟ್ಟಿಲು ಹತ್ತುವಾಗ ಮಾತ್ರವೋ, ಇಳಿಯುವಾಗಲೂ ಇದೆಯೋ? ಹೊಸ ಕನ್ನಡಕಕ್ಕೆ ಕಣ್ಣು ಒಗ್ಗಿತೇ? ಸೊಸೆ ಮಾಡುವ ಕಾಫಿ ಇನ್ನೂ ನೀರು ನೀರಾಗಿಯೇ ಇದೆಯೇ? ಇದನ್ನೆಲ್ಲ ನಾನು ಕುಟುಕುವುದಕ್ಕೆ ಕೇಳುತ್ತಿಲ್ಲ. ನಿನ್ನ ಮೇಲೆ ಇಷ್ಟೊಂದು ಸಿಟ್ಟಿರುವಾಗಲೂ ನಿನ್ನ ಮಂಡಿಯ ಯೋಚನೆ ಬರುತ್ತದಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತದೆ.

ಫೋನಿನಲ್ಲಿ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ಪಕ್ಕದಲ್ಲಿ ಯಾವಾಗಲೂ ಮಗನೋ ಸೊಸೆಯೋ ಇರುತ್ತಾರೆ, ನೀನು 'ಹೂಂ, ಹೂಂ, ಆಮೇಲೆ ನೋಡೋಣ' ಎನ್ನುತ್ತೀ, ವಿಮೆ ಮಾರುವವನನ್ನು ಸಾಗಹಾಕುವ ಹಾಗೆ. ಏನನ್ನೂ ಬರೆದಿಡಬೇಡ ಎಂಬುದು ನೀನು ಹಾಕಿದ ಮೊದಲ ಕಟ್ಟಳೆ. ಮಾತ್ರೆ ಡಬ್ಬಿಗಳ ಮೇಲೆ ಅಂಟಿಸಿದ ಚೀಟಿಯನ್ನು ನೀನೇ ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆಯುತ್ತಿದ್ದೆ. ಕ್ಲಿನಿಕ್ಕಿನ ಕಾಗದಗಳನ್ನು ಒಲೆಗೆ ಹಾಕುತ್ತಿದ್ದೆ. ಕಾಯಿಲೆಗೆ ನೀನು ಇಟ್ಟ ಹೆಸರು 'ಅದು'. 'ಅದರ ಮಾತ್ರೆ ತಗೊಂಡ್ಯಾ?' 'ಅದರ ಡಾಕ್ಟ್ರು ಏನಂದ್ರು?' ಹಾಗಾಗಿ ಈ ಕಾಗದದಲ್ಲಿ ನಾನು ಮೊದಲು ಮಾಡುವ ಕೆಲಸ ಇದು: ನನಗೆ ಎಚ್‌ಐವಿ ಇದೆ. ಬರೆದೆ. ಏನೂ ಆಗಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾನೆ, 'ಬರ್ಲಿ ಬರ್ಲಿ, ಗೋಡೆ ಇದೆ ಗೋಡೆ' ಎಂದು ಇನ್ನೊಬ್ಬ ಕೂಗುತ್ತಿದ್ದಾನೆ, ಅಷ್ಟೇ. ಇದನ್ನು ಅಂಚೆ ಕಾರ್ಡಿನಲ್ಲಿ ಬರೆಯಬೇಕೆಂದಿದ್ದೆ, ಅಂಚೆಯವನಿಂದ ಹಿಡಿದು ನಿನ್ನ ಸೊಸೆಯವರೆಗೆ ಎಲ್ಲರೂ ಓದಲೆಂದು. ಅಷ್ಟು ಕೆಟ್ಟವನಾಗಲು ನನ್ನ ಕೈಲಾಗಲಿಲ್ಲ. ಲಕೋಟೆಗೆ ಗೋಂದು ಹೆಚ್ಚೇ ಹಚ್ಚುತ್ತೇನೆ, ಹೆದರಬೇಡ.

ಆ ಮಧ್ಯಾಹ್ನ ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಆಗ ಮೂವತ್ತಮೂರು ವರ್ಷ, ತೂಕ ನಲವತ್ತಾರು ಕಿಲೋ. ಡಾಕ್ಟರ ಎದುರು ನೀನು ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದೆ. ತಟ್ಟೆಯಿಂದ, ಲೋಟದಿಂದ, ಪಕ್ಕದಲ್ಲಿ ಕೂತು ಉಣ್ಣುವುದರಿಂದ ಇದು ಬರುವುದಿಲ್ಲ ಎಂದು ಅವರು ಬಿಡಿಸಿ ಬಿಡಿಸಿ ಹೇಳಿದರು. 'ಗೊತ್ತು ಡಾಕ್ಟ್ರೇ, ನಾನೇ ವಿಜ್ಞಾನ ಪಾಠ ಮಾಡೋಳು' ಎಂದೆ. ಮನೆಗೆ ಹೋಗುವ ದಾರಿಯಲ್ಲಿ ನೀನು ಪಾತ್ರೆ ಅಂಗಡಿಯ ಮುಂದೆ ನಿಂತು ನೀಲಿ ಅಂಚಿನ ಲೋಟ ಕೊಂಡೆ. 'ಸೆಟ್ಟಾಗಿ ತಗೊಳ್ಳಿ ಅಮ್ಮಾ, ಆರು ಬರುತ್ತೆ' ಎಂದ ಅಂಗಡಿಯವನು. 'ಒಂದು ಸಾಕು' ಎಂದೆ. ನಾನು ಪಕ್ಕದಲ್ಲಿ ನಿಂತು, ಯಾರಿಗೋ ಬೇರೆಯವರಿಗೆ ಕೊಳ್ಳುತ್ತಿದ್ದಾಳೆ ಎನ್ನುವ ಹಾಗೆ, ತೂಗುಹಾಕಿದ್ದ ಸೌಟುಗಳನ್ನು ನೋಡುತ್ತಿದ್ದೆ. ನನಗೆ ಅದು ಹೇಗೆ ಬಂತು ಎಂದು ನೀನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳಿದರೆ ಹೇಳೋಣವೆಂದು ಒಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕಾದು ಕಾದು ಅದು ಹಳಸಿತು. ಈಗ ಕೇಳಿದರೂ ಬಡಿಸುವ ಹಾಗಿಲ್ಲ.

ಮನೆ ಹತ್ತಿರ ಬರುವಷ್ಟರಲ್ಲಿ ನೀನು ಕಥೆ ಕಟ್ಟಿ ಮುಗಿಸಿದ್ದೆ. 'ಯಾರು ಕೇಳಿದ್ರೂ ಲಿವರ್ ವೀಕು ಅನ್ನು. ಮಾತ್ರೆ ಲಿವರಿಗೆ. ಸುಸ್ತು ಲಿವರಿಂದ. ಮಕ್ಕಳಿಗೂ ಅದನ್ನೇ ಹೇಳೋದು.' ಒಳ್ಳೆಯ ಆಯ್ಕೆ ಎಂದು ನಾನು ಕೂಡ ಮೆಚ್ಚಿಕೊಂಡೆ. ಹೃದಯ ಎಂದರೆ ಓಡಿ ಬರುತ್ತಾರೆ, ಶ್ವಾಸಕೋಶ ಎಂದರೆ ದೂರ ಕೂರುತ್ತಾರೆ. ಲಿವರ್ ಎಂದರೆ 'ಓಹೋ' ಎಂದು ಸುಮ್ಮನಾಗುತ್ತಾರೆ. ಅದು ಹೊಟ್ಟೆಯಲ್ಲಿ ಎಡಕ್ಕಿದೆಯೋ ಬಲಕ್ಕಿದೆಯೋ ಯಾರಿಗೂ ಗೊತ್ತಿಲ್ಲ. ಆಮೇಲೆ ಎರಡನೇ ಕಟ್ಟಳೆ: ದಪ್ಪಗಾಗಬೇಕು. 'ದಪ್ಪಗಿರೋನನ್ನ ನೋಡಿ ಯಾರೂ ಆ ಕಾಯಿಲೆ ಅನ್ನಲ್ಲ ಕಣೋ. ಒಣಗಿದ್ರೆ ತಾನೇ ಅನುಮಾನ.' ಚಿಕ್ಕಂದಿನಿಂದ ಎಲ್ಲರೂ ನನ್ನನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಆ ಹೆಸರನ್ನು ನೀನು ಮನೆಯಿಂದ ಹೊರಗೆ ಹಾಕಿದೆ.

ನೀನು ನನ್ನನ್ನು ಬದುಕಿಸಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಇದಕ್ಕೆ ಜಾಗ ಸಿಗದಿರಬಹುದು. ಮೊದಲ ವರ್ಷ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಾಂತಿಯಾದರೆ ಅರ್ಧ ಗಂಟೆ ಕೂರಿಸಿ ಮತ್ತೆ ಉಣಿಸುತ್ತಿದ್ದೆ. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು, ತಕ್ಕಡಿ ರಿಪೇರಿಗೆ ಬಂದ ಗಿರಾಕಿಗಳ ಮುಂದೆಯೇ ಬಾಳೆಹಣ್ಣು ಕಿವುಚಿದ ಹಾಲನ್ನು ನನ್ನ ಕೈಗಿಟ್ಟು ಖಾಲಿಯಾಗುವವರೆಗೆ ಕಾಯುತ್ತಿದ್ದೆ. ದಿನಕ್ಕೆ ನಾಲ್ಕು ಮೊಟ್ಟೆ, ಬ್ರೆಡ್ಡಿನ ಎರಡೂ ಬದಿಗೆ ಬೆಣ್ಣೆ, ಸಂಜೆಗೆ ಸಕ್ಕರೆ ಹಾಕಿದ ಕೆನೆ. 'ಇನ್ನೊಂದು ತುತ್ತು. ನನಗೋಸ್ಕರ. ಇನ್ನೊಂದು.' ಬದುಕಿಸಿದೆ, ಆಮೇಲೆ ನಿಲ್ಲಿಸುವುದನ್ನು ಮರೆತೆ. ಐವತ್ತೈದಕ್ಕೆ ನಿಲ್ಲಿಸಬಹುದಿತ್ತು. ಅರವತ್ತೆಂಟಕ್ಕೆ ಡಾಕ್ಟರೇ ಸಾಕು ಎಂದರು, ನೀನು 'ಅವರಿಗೇನು, ಹೇಳ್ತಾರೆ. ಬೀದೀಲಿ ಬಾಳೋರು ನಾವು' ಎಂದೆ. ಎಪ್ಪತ್ತೊಂಬತ್ತಾದ ದಿನ, ತಡಿ, ಅವತ್ತು ನೀನು ಅತ್ತುಬಿಟ್ಟೆ. ಸಂತೋಷಕ್ಕೆ.

ಪ್ರತಿ ತಿಂಗಳ ಮೊದಲ ಭಾನುವಾರ ಅಂಗಡಿಯ ಅರ್ಧ ಬಾಗಿಲು ಎಳೆದು, ಮೂಟೆ ತೂಗುವ ದೊಡ್ಡ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿ, ತೂಕವನ್ನು ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆಯಲ್ಲ. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರ ಗುರುತು ಮಾಡುವ ಹಾಗೆ. ನೀನು ಬರೆದಿಟ್ಟದ್ದು ಅದೊಂದನ್ನೇ. ಈಗ ಆ ಅಂಕಿಗಳ ಬಗ್ಗೆ ಒಂದು ಮಾತು ಹೇಳಬೇಕು. ಮೊದಲ ಮೂರು ತಿಂಗಳು ಮುಳ್ಳು ನಲವತ್ತಾರು ಬಿಟ್ಟು ಮೇಲೇಳಲಿಲ್ಲ. ನೀನು ರಾತ್ರಿ ಊಟ ಬಿಟ್ಟೆ. ಅವನಿಗೆ ಹಿಡಿಯದ್ದು ನನಗೂ ಬೇಡ ಎಂದು ಏನೋ ಒಂದು ಹರಕೆಯಂಥದ್ದು. ನಾಲ್ಕನೇ ತಿಂಗಳ ಆ ಭಾನುವಾರ ನೀನು ಬರುವುದಕ್ಕೆ ಮುಂಚೆ ನಾನು ಯಂತ್ರದ ಹಿಂದಿನ ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದೆ. ನಲವತ್ತೊಂಬತ್ತು. ನೀನು ಅಲ್ಲೇ ಬೆಂಚಿನ ಮೇಲೆ ಕೂತು ನನಗೆ ತಂದ ಬ್ರೆಡ್ಡನ್ನು ನೀನೇ ತಿಂದೆ. ಇಪ್ಪತ್ತೇಳು ವರ್ಷದ ಈ ಕಸುಬಿನಲ್ಲಿ ನಾನು ಬೇಕೆಂದು ಕೆಡಿಸಿದ ಏಕೈಕ ತಕ್ಕಡಿ ಅದು. ಆಮೇಲೆ ಮಾತ್ರೆ ಹಿಡಿಯಿತು, ತೂಕ ನಿಜವಾಗಿಯೇ ಏರತೊಡಗಿತು. ಆದರೆ ತಿರುಪನ್ನು ವಾಪಸ್ ತಿರುಗಿಸಿದರೆ ಒಂದು ತಿಂಗಳು ಮೂರು ಕಿಲೋ ಇಳಿದಂತೆ ಕಾಣುತ್ತದೆ, ನೀನು ಮತ್ತೆ ಊಟ ಬಿಡುತ್ತೀ. ಹಾಗೇ ಬಿಟ್ಟೆ. ಎರಡು ವರ್ಷದ ಹಿಂದೆ ನೀನು ಮಗನ ಊರಿಗೆ ಹೋದ ಮೇಲೂ ಪ್ರತಿ ತಿಂಗಳು ನಾನೇ ಅದೇ ಯಂತ್ರದ ಅಂಕಿಯನ್ನು ಬಾಗಿಲ ಹಿಂದೆ ಬರೆದು ನಿನಗೆ ಫೋನಿನಲ್ಲಿ ಹೇಳಿದೆ. ಆ ಮೊದಲ ಮೂರನ್ನು ಬಿಟ್ಟರೆ ಬಾಗಿಲ ಹಿಂದೆ ನೀನು ಬರೆದ ಯಾವ ಅಂಕಿಯೂ ಸರಿಯಲ್ಲ ಅಕ್ಕಾ. ಎಲ್ಲವೂ ಮೂರು ಕಿಲೋ ಹೆಚ್ಚು. ಹೀಗಾಗಿ ಸುಳ್ಳು ನಿನ್ನದೊಂದೇ ಎನ್ನಲು ನನಗೆ ಬಾಯಿಲ್ಲ, ಎನ್ನುತ್ತೇನೆ ಅಷ್ಟೇ.

ಲಿವರ್ ವೀಕು ಎಂಬ ಮಾತು ಬೀದಿಯಲ್ಲಿ ಎಷ್ಟು ದಿನ ಲಿವರಾಗಿಯೇ ಉಳಿಯುತ್ತದೆ ಎಂದು ನೀನು ಅಂದುಕೊಂಡಿದ್ದೆ? ಎರಡನೇ ವರ್ಷಕ್ಕೇ ಅದು ಕುಡಿತವಾಯಿತು. ಒಂಟಿ ಗಂಡಸು, ಕೆಂಪಗಿನ ಮುಖ, ಹೊಟ್ಟೆ, ಲಿವರ್, ಇನ್ನೇನು ಬೇಕು. ನಿನಗೂ ಗೊತ್ತಿತ್ತು. 'ಅಂದುಕೊಳ್ಳಲಿ ಬಿಡು, ಕುಡುಕ ಅಂದ್ರೆ ಅಯ್ಯೋ ಪಾಪ ಅಂತಾರೆ, ಅದು ಅಂದ್ರೆ ಏನಂತಾರೆ ಗೊತ್ತಲ್ಲ' ಎಂದೆ. ಪಕ್ಕದ ಗಡಿಯಾರ ರಿಪೇರಿಯವನು ಎಷ್ಟೋ ವರ್ಷ ನನ್ನ ಮುಂದೆ ಬಾಟಲಿಯ ಮಾತೇ ಎತ್ತುತ್ತಿರಲಿಲ್ಲ, ಮರ್ಯಾದೆಗೆ. ನಾನು ಜೀವನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಚಿಣ್ಣಿ ಇದನ್ನು ನಂಬುವುದಿಲ್ಲ. ನಿನ್ನ ಮಗಳು ಹನ್ನೆರಡನೇ ವಯಸ್ಸಿನಿಂದ ಕುಡುಕ ಮಾಮನ ಜೊತೆ ಬೆಳೆದವಳು, ಅವಳ ತಪ್ಪಲ್ಲ. ತನ್ನ ಮದುವೆ ಗೊತ್ತಾದ ಮೇಲೆ, ಕೆಲಸ ಮಾಡುವ ಸರ್ವೇ ಆಫೀಸಿನಿಂದ ನೇರ ಬಂದು, ಕುಡಿತ ಬಿಡುವುದು ಹೇಗೆ ಎಂಬ ಪುಸ್ತಿಕೆಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಅದರಲ್ಲಿ ಹತ್ತು ಪ್ರಶ್ನೆ ಇದ್ದವು. ಪ್ರಾಮಾಣಿಕವಾಗಿ ಉತ್ತರ ಬರೆದೆ, ಸೊನ್ನೆ ಬಂತು. ತೋರಿಸಿದೆ. 'ಸುಳ್ಳು ಹೇಳೋದೇ ಮೊದಲ ಲಕ್ಷಣ ಅಂತ ಕೊನೇ ಪುಟದಲ್ಲಿದೆ, ಓದು ಮಾಮ' ಎಂದಳು. ಓದಿದೆ. ಹೌದು, ಇತ್ತು. ಆಮೇಲೆ ಒಂದು ತಿಂಗಳು ಅವಳು ಇತ್ತ ಬರಲಿಲ್ಲ.

ನಿನ್ನ ಬೀಗತಿಯಾಗುವವರು, ಚಿಣ್ಣಿಯ ಅತ್ತೆ, ಮಾತ್ರ ಬಂದಿದ್ದರು. ತಮ್ಮ ಔಷಧದಂಗಡಿಯ ಪುಟ್ಟ ತಕ್ಕಡಿಯನ್ನು, ಪುಡಿ ತೂಗುವಂಥದ್ದು, ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ತಕ್ಕಡಿಗೆ ಏನೂ ಆಗಿರಲಿಲ್ಲ. ಹುಡುಗಿಯ ಮಾಮ ಎಂಥವನು ಎಂದು ನೋಡಲು ಬಂದಿದ್ದರು. ಎದುರಿನ ಸ್ಟೂಲಿನ ಮೇಲೆ ಕೂತು, ನಾನು ಚಿಮುಟದಲ್ಲಿ ಸಾಸಿವೆಯಷ್ಟಗಲದ ತೂಕಗಳನ್ನು ಎತ್ತಿಡುವುದನ್ನೇ ದಿಟ್ಟಿಸಿದರು. 'ಕೈ ನಡುಗೋದಿಲ್ಲವಲ್ಲ ನಿಮ್ಮದು' ಎಂದರು. 'ನಡುಗಿದ್ರೆ ನಿಮ್ಮ ಗಿರಾಕಿಗಳಿಗೆ ಕಷ್ಟ' ಎಂದೆ. 'ಬಿಟ್ಟು ಎಷ್ಟು ದಿನ ಆಯ್ತು?' 'ಶುರುನೇ ಮಾಡಿಲ್ಲ.' 'ನಮ್ಮ ಅಂಗಡಿಗೆ ಬರೋರೆಲ್ಲ ಹಾಗೇ ಅಂತಾರೆ' ಎಂದು ನಕ್ಕರು. ಕೆಟ್ಟ ನಗೆಯಲ್ಲ, ದಣಿದ ನಗೆ. 'ಮದುವೆ ದಿನ ಒಂದು ದಿವಸ ಸಂಭಾಳಿಸಿಕೊಳ್ಳಿ, ಅಷ್ಟೇ ಕೇಳೋದು.' ಆಯಿತು ಎಂದೆ. ಇನ್ನೇನು ಹೇಳಲಿ? ಔಷಧ ಮಾರುವವರು, ಮೇಜಿನ ಖಾನೆಯಲ್ಲಿದ್ದ ನನ್ನ ಮಾತ್ರೆಯನ್ನು ಚೀಟಿಯಿಲ್ಲದೆಯೂ ಬಣ್ಣದಿಂದಲೇ ಗುರುತಿಸುತ್ತಿದ್ದರು. ಖಾನೆ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಎಳೆದು ಅವರ ಮುಂದಿಟ್ಟುಬಿಡಬೇಕು ಎಂದು ಒಂದು ಕ್ಷಣ ಅನ್ನಿಸಿದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಇನ್ನು ಸುದ್ದಿ. ಫೋನಿನಲ್ಲಿ ನೀನು ಅರ್ಧ ಮಾತ್ರ ಕೇಳಿಸಿಕೊಂಡದ್ದು. ಎರಡು ತಿಂಗಳ ಹಿಂದೆ ಎಚ್‌ಐವಿ ಕ್ಲಿನಿಕ್ಕಿನಲ್ಲಿ ಮಾಮೂಲಿನಂತೆ ಪರೀಕ್ಷೆಗೆ ರಕ್ತ ಕೊಟ್ಟೆ. ಹಳೆಯ ಡಾಕ್ಟರು ನಿವೃತ್ತರಾಗಿ, ಈಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದಾರೆ. ಕಾಗದ ನೋಡಿ, 'ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆ ಇದೆ, ಶಭಾಷ್. ಈಗ ನಿಮ್ಮನ್ನ ಕಾಡೋದು ಅದಲ್ಲ, ಲಿವರು' ಎಂದರು. ನಾನು ನಕ್ಕುಬಿಟ್ಟೆ ಅಕ್ಕಾ. ತಡೆಯಲಾಗಲಿಲ್ಲ. ಅವರು ಕನ್ನಡಕ ತೆಗೆದು 'ಎಷ್ಟು ಕುಡೀತೀರಿ?' ಎಂದರು. ಅಲ್ಲಿಯೂ. 'ಕುಡಿಯಲ್ಲ.' 'ಯಾವಾಗಾದ್ರೂ, ಸ್ನೇಹಿತರ ಜೊತೆ?' 'ಅವರೂ ಇಲ್ಲ.' ಆಮೇಲೆ ಮಂಚದ ಮೇಲೆ ಮಲಗಿಸಿ ಬಲಗೈಯನ್ನು ತಲೆಯ ಹಿಂದಿಡಿಸಿ, ಪಕ್ಕೆಲುಬುಗಳ ಸಂದಿಗೆ ಒಂದು ಸಣ್ಣ ಯಂತ್ರ ಒತ್ತಿದರು. ಅದು ಒಳಗೆ ತಟ್ಟುತ್ತದೆ. ಬೆರಳಿನಿಂದ ಚಿಟಿಕೆ ಹೊಡೆದ ಹಾಗೆ, ಒಂದೊಂದೇ ಸಲ. ತಟ್ಟಿದ್ದು ಎಷ್ಟು ಬೇಗ ವಾಪಸ್ ಬರುತ್ತದೆ ಎನ್ನುವುದರ ಮೇಲೆ ಲಿವರು ಎಷ್ಟು ಗಡುಸಾಗಿದೆ ಎಂದು ಗೊತ್ತಾಗುತ್ತದಂತೆ. ಹತ್ತು ಸಲ ತಟ್ಟಿತು. ಒಳಗಿದ್ದವನು ಹದಿನಾಲ್ಕು ವರ್ಷದ ಮೇಲೆ ಬಾಗಿಲು ತೆಗೆದ.

ಲಿವರಿನ ತುಂಬ ಕೊಬ್ಬು. ಕೊಬ್ಬಿನ ಜೊತೆಗೆ ಗಾಯದ ಕಲೆಯೂ ಶುರುವಾಗಿದೆ, ಅದು ಬೆಳೆದರೆ ಲಿವರು ಕಲ್ಲಾಗುತ್ತದೆ, ಆಮೇಲೆ ದಾರಿಯಿಲ್ಲ. ನನ್ನಂಥವರಲ್ಲಿ ಇದು ಬಹಳ ಜನಕ್ಕೆ ಬರುತ್ತದಂತೆ, ಕುಡಿಯದವರಿಗೂ. ಯಾಕೆ ಎಂದು ಕೇಳಿದೆ; ನಿಜ ಹೇಳಬೇಕೆಂದರೆ, ನಿನ್ನ ಹೆಸರು ಬರಲಿ ಎಂದು ಕೇಳಿದೆ. ಅವರು ಬೆರಳು ಮಡಿಚಿದರು. ಮೊದಲು ಕೊಡುತ್ತಿದ್ದ ಹಳೆಯ ಮಾತ್ರೆಗಳು. ಹೊಸ ಮಾತ್ರೆಗಳಲ್ಲಿ ಕೆಲವಕ್ಕೆ ತೂಕ ಏರಿಸುವ ಗುಣ. ವೈರಸ್ಸು ಹತೋಟಿಯಲ್ಲಿದ್ದರೂ ಒಳಗೊಳಗೇ ಉಳಿಯುವ ಉರಿ. ರಕ್ತದ ಸಕ್ಕರೆ ಗಡಿಗೆ ಬಂದಿರುವುದು. ಮತ್ತೆ ಈ ಹೊಟ್ಟೆ. 'ಯಾವುದರದ್ದು ಎಷ್ಟು ಪಾಲು?' ಎಂದೆ. 'ಅದನ್ನ ಬೇರೆ ಬೇರೆ ಮಾಡಿ ತೂಗೋಕಾಗಲ್ಲ' ಎಂದರು, ಯಾರ ಹತ್ತಿರ ಮಾತಾಡುತ್ತಿದ್ದೇನೆಂದು ತಿಳಿಯದೆ. ಇದನ್ನು ಬರೆಯದೆ ಬಿಡಬಹುದಿತ್ತು. ಎಲ್ಲವೂ ನಿನ್ನ ಬೆಣ್ಣೆಯಿಂದಲೇ ಎಂದು ಬರೆದಿದ್ದರೆ ಈ ಕಾಗದ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ನೀನು ಕೊಟ್ಟ ಪಾಲು ಒಂದಿದೆ, ಇಳಿಸಬಹುದಾದದ್ದು ಸದ್ಯಕ್ಕೆ ಅದೊಂದೇ. 'ಎಂಟೊಂಬತ್ತು ಕಿಲೋ ಇಳಿಸಿ. ಕೊಬ್ಬು ಕರಗುತ್ತೆ, ಕಲೆಯೂ ಸ್ವಲ್ಪ ಹಿಂದಕ್ಕೆ ಹೋಗಬಹುದು. ನೀವಿನ್ನೂ ವಾಪಸ್ ಬರಬಹುದಾದ ಜಾಗದಲ್ಲಿದೀರಿ, ಆದ್ರೆ ಅಲ್ಲೇ ನಿಂತಿರಬೇಡಿ' ಎಂದರು. ಕಲೆ ಎಷ್ಟು ಆಳಕ್ಕಿಳಿದಿದೆ ಎಂದು ಖಚಿತವಾಗಲು ಸೂಜಿ ಹಾಕಿ ಲಿವರಿನ ಒಂದು ಎಳೆ ತೆಗೆದು ನೋಡಬೇಕಂತೆ. ಈ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಕ್ಲಿನಿಕ್ಕಿನಲ್ಲಿ. ಜೊತೆಗೆ ಮನೆಯವರೊಬ್ಬರು ಬರಬೇಕು, ಕಾಗದಕ್ಕೆ ಸಹಿ ಹಾಕಬೇಕು, ಸಂಜೆ ಮನೆಗೆ ಕರೆದುಕೊಂಡು ಹೋಗಬೇಕು.

ಅದಕ್ಕೇ ಫೋನ್ ಮಾಡಿದ್ದು. ಬಾ ಎಂದು. ನೀನು ಮೊದಲು ಕೇಳಿದ್ದು, 'ತೂಕ ಇಳಿಸಬೇಕು ಅಂದ್ರಾ?' ಸೊಸೆ ಯಾವುದೋ ಡಬ್ಬಿಯ ಮುಚ್ಚಳ ತಿರುಗಿಸುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಪಿಸುಗುಟ್ಟಿದೆ: 'ಮದುವೆ ಮುಗೀಲಿ ಕಣೋ. ಫೋಟೋದಲ್ಲಿ ನೀನು ಬಡಕಲಾಗಿ ಕಂಡ್ರೆ ಅವರ ಕಡೆಯವರು ಏನಂದುಕೊಳ್ಳಲ್ಲ? ಔಷಧದಂಗಡಿಯೋರು, ನೋಡಿದ ತಕ್ಷಣ ಹಿಡೀತಾರೆ.' ಆಮೇಲೆ ಆ ಐದು ತಿಂಗಳ ಮಾತು. ಹದಿನಾಲ್ಕು ವರ್ಷದಿಂದ ಯಾರೂ ನನ್ನ ಲಿವರಿಗೆ ಸ್ವಲ್ಪ ತಡಿ ಎಂದು ಕೇಳಿಕೊಂಡಿರಲಿಲ್ಲ ಅಕ್ಕಾ. ನೀನು ಅದನ್ನು ಕರೆದೆ, ಅದು ಬಂತು, ಈಗ ಸ್ವಲ್ಪ ಹೊರಗೆ ಕೂತಿರು ಎನ್ನುತ್ತಿದ್ದೀ. ನನಗೆ ಈಗ ನಿಜವಾಗಿಯೂ ಲಿವರಿನ ಕಾಯಿಲೆ ಇದೆ, ಯಾರಿಗೂ ಹೇಳುವ ಹಾಗಿಲ್ಲ. ಗಡಿಯಾರದವನಿಗೆ ಹೇಳಿ ನೋಡಿದೆ. 'ಅದು ಮೊದಲಿಂದ ಇದ್ದದ್ದೇ ಅಲ್ವಾ ಸಾರ್' ಎಂದು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ.

ನಾನು ಕಾಯುತ್ತಿಲ್ಲ. ಇದನ್ನು ಹೇಳಲಿಕ್ಕೇ ಇಷ್ಟು ಸುತ್ತಿ ಬಂದೆ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದೇನೆ. ಬೆಣ್ಣೆ, ಕೆನೆ, ಸಕ್ಕರೆ ನಿಲ್ಲಿಸಿದ್ದೇನೆ. ಮೊದಲ ವಾರ ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತಿತ್ತು; ಹಸಿವಿನಿಂದಲ್ಲ, ವಿಧೇಯತೆಯಿಂದ. ಬೆಲ್ಟಿಗೆ ಒಂದು ಹೊಸ ತೂತು ನಾನೇ ಕೊರೆದೆ. ಗಡಿಯಾರದವನ ಕಣ್ಣಿಗೆ ಅದು ಮೊದಲ ದಿನವೇ ಬಿತ್ತು: 'ಏನ್ ಸಾರ್, ಇಳೀತಾ ಇದೀರಿ. ಎಲ್ಲಾ ಸರಿ ಇದೆ ತಾನೇ?' ನೀನು ಹದಿನಾಲ್ಕು ವರ್ಷ ಯಾವ ಪ್ರಶ್ನೆಗೆ ಹೆದರಿ ನನಗೆ ಉಣಿಸಿದೆಯೋ ಆ ಪ್ರಶ್ನೆ ಇದು. ಎದುರಿಗೆ ಬಂದು ನಿಂತಾಗ ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಅವನ ಶರ್ಟಿನ ಗುಂಡಿಯೊಂದು ಕಿತ್ತುಹೋಗಿತ್ತು, ಅದನ್ನು ನೋಡುತ್ತ 'ಸರಿ ಇದೆ' ಎಂದೆ. ಈ ತಿಂಗಳ ಮೊದಲ ಭಾನುವಾರ, ನೀನು ಫೋನ್ ಇಟ್ಟ ಮೇಲೆ, ಯಂತ್ರದ ಹಿಂದಿನ ತಿರುಪನ್ನು ಒಂದೂವರೆ ಸುತ್ತು ವಾಪಸ್ ತಿರುಗಿಸಿದೆ. ಇಪ್ಪತ್ತು ಕಿಲೋದ ತೂಕದ ಕಲ್ಲುಗಳನ್ನು ಏರಿಸಿ ಪರೀಕ್ಷಿಸಿದೆ, ಆಮೇಲೆ ನಾನು ನಿಂತೆ. ಬಾಗಿಲ ಹಿಂದೆ, ನಡಿಗೆ ಶುರುಮಾಡುವ ಮುಂಚೆ ತೊಂಬತ್ತೊಂದು ಎಂದು ಬರೆದಿದ್ದ ಕೊನೆಯ ಅಂಕಿಯ ಕೆಳಗೆ ಎಂಬತ್ತೈದು ಎಂದು ಬರೆದೆ. ಒಂದೇ ಸಲಕ್ಕೆ ಆರು ಕಿಲೋ. ಅದರಲ್ಲಿ ಮೂರು ಕೊಬ್ಬು, ಮೂರು ಸುಳ್ಳು. ಸುಳ್ಳು ಇಳಿಸುವುದು ಸುಲಭವಿತ್ತು, ಒಂದು ನಿಮಿಷ ಹಿಡಿಯಿತು.

ನೀನು ಕೆಟ್ಟವಳಲ್ಲ ಎಂದು ಈ ಜಾಗದಲ್ಲಿ ಬರೆಯಬೇಕು, ಹಾಗೆ ಬರೆಯುವುದೇ ರೂಢಿ. ಬರೆಯಲು ಕೂತರೆ ನೀಲಿ ಅಂಚಿನ ಆ ಲೋಟ ಅಡ್ಡ ಬರುತ್ತದೆ. ನಿನ್ನ ಮನೆಯ ಕಪಾಟಿನಲ್ಲಿ, ಉಳಿದ ಲೋಟಗಳಿಂದ ಎರಡು ಗೇಣು ದೂರ, ಬೋರಲು ಹಾಕಿಟ್ಟಿರುತ್ತಿದ್ದೆ. ನನ್ನ ಬಾಯಿಗೆ ತುತ್ತಿಟ್ಟ ಕೈಯೇ ಅದನ್ನು ಬೇರೆ ತೊಳೆಯುತ್ತಿತ್ತು. ಎರಡೂ ಒಂದೇ ಕೈ ಎಂಬುದನ್ನು ನಾನು ಇನ್ನೂ ಒಟ್ಟಿಗೆ ನೋಡಲಾರೆ. ಒಂದನ್ನು ನೋಡುವಾಗ ಇನ್ನೊಂದು ಕಣ್ಣು ಮುಚ್ಚಿಕೊಳ್ಳುತ್ತದೆ. ಅದರಲ್ಲಿ ನಾನು ಹನ್ನೆರಡು ವರ್ಷ ನೀರು ಕುಡಿದೆ, ಒಂದು ದಿನವೂ 'ಇದ್ಯಾಕೆ' ಎನ್ನಲಿಲ್ಲ. ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು, ನೀನು ಹೇಳಿದ್ದನ್ನು ನಾನು ನಂಬುತ್ತಿದ್ದೆ ಎಂಬುದೂ ಗೊತ್ತಿತ್ತು.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಮಗನಿಗೆ, ಸೊಸೆಗೆ ಕೇಳಿದೆನೆಂದು ಹೇಳು. ಈ ಕಾಗದದಲ್ಲಿ ಏನಿತ್ತು ಎಂದರೆ ಮಂಡಿಯ ವಿಷಯ ಎನ್ನು, ಅದೂ ಇದೆ. ನನ್ನ ಮೇಲೆ ಸ್ವಲ್ಪ ಸಿಟ್ಟಾದರೂ ಮಾಡಿಕೋ, ನಾನೊಬ್ಬನೇ ಹೊತ್ತು ಸಾಕಾಗಿದೆ.

ಇಂತಿ ನಿನ್ನ ತಮ್ಮ,
ಕಡ್ಡಿ

ತಾ.ಕ.: ಲಕೋಟೆಗೆ ಹಾಕುವಷ್ಟರಲ್ಲಿ ಚಿಣ್ಣಿ ಬಂದಳು, ಅದಕ್ಕೇ ಇದನ್ನು ಅವಸರದಲ್ಲಿ ಸೇರಿಸುತ್ತಿದ್ದೇನೆ. ಅತ್ತೆಯಾಗುವವರ ತಕ್ಕಡಿ ಒಯ್ಯಲು ಬಂದಿದ್ದಳು. ನಾನು ಬಟ್ಟೆ ಸುತ್ತುತ್ತಿರುವಾಗ ಬಾಗಿಲ ಹಿಂದೆ ನಿಂತು ಅಂಕಿಗಳನ್ನು ಮೇಲಿನಿಂದ ಕೆಳಗೆ ಓದಿದಳು, ನಿನ್ನ ಕೈಬರಹ ಅವಳಿಗೆ ಗೊತ್ತು. ತೊಂಬತ್ತೊಂದಾದ ಮೇಲೆ ಎಂಬತ್ತೈದು ನೋಡಿ ನನ್ನ ಕಡೆ ತಿರುಗಿದಳು. 'ಮಾಮ, ಏನಾಗಿದೆ ನಿನಗೆ, ನಿಜ ಹೇಳು' ಎಂದಳು. ಲಿವರಿನ ಪರೀಕ್ಷೆ ಇದೆ, ಜೊತೆಗೆ ಯಾರಾದರೂ ಬೇಕು ಎಂದೆ, ಅಷ್ಟೇ ಹೇಳಿದೆ. 'ನಾನು ಬರ್ತೀನಿ, ಎಷ್ಟು ಗಂಟೆಗೆ?' ಎಂದಳು, ಪುಸ್ತಿಕೆಯ ಸುದ್ದಿ ಎತ್ತಲಿಲ್ಲ. ಕ್ಲಿನಿಕ್ಕಿನ ಬಾಗಿಲ ಮೇಲಿನ ಬೋರ್ಡಿನಲ್ಲಿ ಅದು ಏನು ಕ್ಲಿನಿಕ್ಕೆಂದು ಮೊಳದಷ್ಟು ಅಕ್ಷರದಲ್ಲಿ ಬರೆದಿದೆ, ಅವಳು ಸಹಿ ಹಾಕಬೇಕಾದ ಕಾಗದದ ಮೊದಲ ಸಾಲಿನಲ್ಲೂ ಇದೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದಳು. ಹದಿಮೂರು ವರ್ಷದವಳಿದ್ದಾಗ ಒಂದು ದಿನ ಆಟ ಆಡಿ ಓಡಿ ಬಂದು, ಕೈಗೆ ಸಿಕ್ಕಿದ ಆ ನೀಲಿ ಅಂಚಿನ ಲೋಟದಲ್ಲಿ ನೀರು ಕುಡಿದಳಂತೆ. ನೀನು ಲೋಟ ಕಿತ್ತುಕೊಂಡು ಅವಳ ಕೆನ್ನೆಗೆ ಹೊಡೆದೆ. ನಾನು ಅಲ್ಲೇ ಕುರ್ಚಿಯಲ್ಲಿ ಕೂತೇ ಇದ್ದೆ. 'ಅಮ್ಮ ನನಗೆ ಹೊಡೆದದ್ದು ಅದೊಂದೇ ಸಲ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ ಮಾಮ' ಎಂದಳು. ಶನಿವಾರ ಹೇಳುತ್ತೇನೆ ಎಂದುಬಿಟ್ಟೆ. ಈ ಕಾಗದ ನಿನಗೆ ಗುರುವಾರ ಸಿಗುತ್ತದೆ, ಶುಕ್ರವಾರ ಬೆಳಿಗ್ಗೆಯ ರೈಲಿಗೆ ಕೂತರೆ ಸಂಜೆಗೆ ಇಲ್ಲಿರುತ್ತೀ. ಅವಳಿಗೆ ನಾನು ಹೇಳಲೋ ಅಕ್ಕಾ, ಇಲ್ಲ ನೀನೇ ಬಂದು ಹೇಳುತ್ತೀಯೋ?